ಯಂತ್ರದ ಲೆಕ್ಕದಲ್ಲಿ ಏಳು ವರ್ಷ

ಭಾನುವಾರ, ಮಧ್ಯಾಹ್ನ

ಅವಳ ಅಪ್ಪನಿಗೆ,

ಏನೆಂದು ಕರೆದು ಶುರು ಮಾಡಲಿ ಎಂದು ಯೋಚಿಸುತ್ತಲೇ ಕುಡಿಯಲಿಟ್ಟ ಚಹಾ ಆರಿಹೋಯಿತು. ಒಂದೇ ಊರಿನಲ್ಲಿ ಬೇರೆ ಬೇರೆ ಮನೆ ಮಾಡಿಕೊಂಡಿರುವ ಗಂಡ ಹೆಂಡತಿ ಒಬ್ಬರನ್ನೊಬ್ಬರು ಏನೆಂದು ಕರೆಯಬೇಕೋ ನನಗೆ ಯಾರೂ ಹೇಳಿಕೊಟ್ಟಿಲ್ಲ. ಅವಳ ಅಪ್ಪ ಎನ್ನುವ ಇದೊಂದು ಸಂಬಂಧವನ್ನು ನೀವಾಗಲಿ ನಾನಾಗಲಿ ಬದಲಾಯಿಸಲು ಆಗುವುದಿಲ್ಲ. ಅದನ್ನೇ ಬರೆದಿದ್ದೇನೆ.

ನಿಮ್ಮ ಚೀಟಿ ಸಿಕ್ಕಿತು. ಶುಕ್ರವಾರ ಬಸ್ ಡಿಪೋದಿಂದ ಕಂಪ್ಯೂಟರ್ ರಿಪೇರಿಯವನನ್ನು ಕಳಿಸುತ್ತೀರಂತೆ. ಹಳೆಯ ಕಂಪ್ಯೂಟರನ್ನು ಅವನ ಕೈಗೆ ಕೊಡಬೇಕಂತೆ. ಅವನು ಅದನ್ನು ಸರಿಮಾಡಿ, ಮನೆಯವರ ವಯಸ್ಸು ತೋರಿಸಲು ಮಗಳು ಮಾಡಿದ್ದ ಪುಟವನ್ನು ಮತ್ತೆ ಇಂಟರ್ನೆಟ್ಟಿಗೆ ಹಾಕುತ್ತಾನಂತೆ. ಅವಳ ವಯಸ್ಸನ್ನು ಹದಿನಾರಕ್ಕೇ ನಿಲ್ಲಿಸಲು ಹೇಳುತ್ತೇನೆ, ನೋಡುವವರಿಗೆ ಗಲಿಬಿಲಿ ಆಗಬಾರದು ಎಂದೂ ಬರೆದಿದ್ದೀರಿ. ಕೆಟ್ಟ ಮನಸ್ಸಿನಿಂದ ಬರೆದದ್ದಲ್ಲ, ಗೊತ್ತು. ಆದರೂ ಅವನನ್ನು ಕಳಿಸಬೇಡಿ. ಪುಟ ಮನೆಯಲ್ಲೇ, ಅದೇ ಕಂಪ್ಯೂಟರಿನಲ್ಲಿ ನಡೆಯುತ್ತಿದೆ. ನಡೆಸುತ್ತಿರುವವಳು ನಾನು.

ನಗಬೇಡಿ. ಟಿವಿ ರಿಮೋಟಿನಲ್ಲಿ ಎರಡು ಗುಂಡಿ ಬಿಟ್ಟು ಮೂರನೆಯದನ್ನು ಮುಟ್ಟದವಳು ಎಂದು ನೀವು ನಿಮ್ಮ ಡಿಪೋದವರ ಮುಂದೆಲ್ಲ ಆಡಿಕೊಂಡದ್ದು ನೆನಪಿದೆ. ಕಷ್ಟ ಬಂದರೆ ಕಲ್ಲೂ ಕಲಿಯುತ್ತದೆ. ಇಂಟರ್ನೆಟ್ಟಿನಲ್ಲಿ ಪುಟಕ್ಕೆ ಜಾಗ ಕೊಟ್ಟಿದ್ದ ಆ ಕಂಪನಿಯವರು ತಮ್ಮ ಜಾಗದಿಂದ ಅವಳ ಪುಟವನ್ನು ತೆಗೆದುಹಾಕಿದ ಮೇಲೆ ನಾನು ಗುಬ್ಬಿಗೆ ಫೋನ್ ಮಾಡಿದೆ. ಅದೇ, ಅವಳ ಜೊತೆ ಒಂದೇ ಬೆಂಚಿನಲ್ಲಿ ಕೂರುತ್ತಿದ್ದ ಸಣಕಲು ಹುಡುಗಿ. ಈಗ ಕಾಲೇಜಿಗೆ ಹೋಗುತ್ತಿದ್ದಾಳೆ. ಫೈಲು ಮನೆಯಲ್ಲೇ ಇದೆಯಲ್ಲ, ತೆರೆದರೆ ಕಾಣಬಾರದೇ ಎಂದು ಕೇಳಿದೆ. ಇದು ಫೋಟೋ ಇದ್ದಹಾಗಲ್ಲ, ತೆರೆದಾಗಲೆಲ್ಲ ಹೊಸದಾಗಿ ಲೆಕ್ಕ ಹಾಕಿ ಬರೆದುಕೊಡುವ ಪುಟ ಎಂದಳು. ಅದಕ್ಕೆ ಸರ್ವರ್ ಬೇಕು, ಸರ್ವರಿಗೆ ಅವಳ ಸ್ಕ್ರಿಪ್ಟನ್ನು, ಅಂದರೆ ಅವಳು ಬರೆದಿಟ್ಟ ಲೆಕ್ಕದ ಸಾಲುಗಳನ್ನು, ಓದಿ ನಡೆಸಿಕೊಡಲು ಪಿಎಚ್‌ಪಿ ಮಾಡ್ಯೂಲ್ ಎಂಬ ಇನ್ನೊಂದು ತುಣುಕು ಬೇಕು ಎಂದಳು. ಸರ್ವರ್ ಎಂದರೆ ಬೀರುವಿನಷ್ಟು ದೊಡ್ಡ ಯಂತ್ರ, ಮನೆ ಬಾಗಿಲಲ್ಲಿ ಹಿಡಿಸುತ್ತದೋ ಇಲ್ಲವೋ ಎಂದು ನಾನು ಹೆದರಿದ್ದೆ. ನೋಡಿದರೆ ಅದೂ ಒಂದು ಪ್ರೋಗ್ರಾಮು, ಸಾಮಾನ್ಯ ಕಂಪ್ಯೂಟರಿನಲ್ಲೇ ಕೂರುತ್ತದೆ.

ಗುಬ್ಬಿ ಫೋನಿನಲ್ಲಿ ಹೇಳುತ್ತ ಹೋದಳು, ನಾನು ಮಾಡುತ್ತ ಹೋದೆ. ಸರ್ವರ್ ಇಳಿಸಿಕೊಂಡೆ, ಪಿಎಚ್‌ಪಿ ಇಳಿಸಿಕೊಂಡೆ, ಅವಳ ಫೈಲನ್ನು ಹೇಳಿದ ಜಾಗಕ್ಕೆ ಹಾಕಿದೆ. ತೆರೆದರೆ ಪುಟ ಬರಲಿಲ್ಲ. ಅವಳು ಬರೆದ ಸ್ಕ್ರಿಪ್ಟೇ ಇದ್ದಹಾಗೆ ಪರದೆಯ ಮೇಲೆ ಬಂದು ನಿಂತಿತು. ಸೂಜಿ ಇದೆ, ದಾರ ಇದೆ, ಪೋಣಿಸಿಲ್ಲ, ಅಷ್ಟೇ. ಅರ್ಥವಾಗದಿದ್ದರೂ ಮೇಲಿಂದ ಕೆಳಗಿನವರೆಗೆ ಓದಿದೆ. ನಿಮ್ಮ ಹುಟ್ಟಿದ ತಾರೀಖಿತ್ತು, ನನ್ನದಿತ್ತು, ನನ್ನ ಹೊಲಿಗೆ ಯಂತ್ರ ಕೊಂಡ ತಾರೀಖೂ ಇತ್ತು. ಅವಳದಿತ್ತು. ಎಲ್ಲರಿಗೂ ಶುರುವಿನ ತಾರೀಖು ಮಾತ್ರ. ಇವತ್ತಿನ ದಿನದಿಂದ ಅದನ್ನು ಕಳೆಯುವುದಷ್ಟೇ ಅವಳ ಲೆಕ್ಕ. ಇನ್ನೊಂದು ತಾರೀಖು ಬೇಕಾಗುತ್ತದೆಂದು ಆ ಮಗುವಿಗೆ ಹೊಳೆದೇ ಇರಲಿಲ್ಲ. ನನಗೆ ತಡೆಯಲಾಗಲಿಲ್ಲ.

ಆಮೇಲೆ ಗುಬ್ಬಿ ಸರ್ವರಿನ ಸೆಟ್ಟಿಂಗ್ ಫೈಲಿನಲ್ಲಿ, ಮಾಡ್ಯೂಲ್ ಇಂಥ ಕಡೆ ಇದೆ, ಅದನ್ನು ಸೇರಿಸಿಕೋ ಎಂದು ಒಂದು ಸಾಲು ಬರೆಸಿದಳು. ಬರೆದೆ, ಉಳಿಸಿದೆ. ಮತ್ತೆ ಅದೇ ಸ್ಕ್ರಿಪ್ಟ್. ಆ ಸಾಲನ್ನು ಅಳಿಸಿ ಬರೆದೆ, ಅದರಲ್ಲಿನ ಓರೆ ಗೆರೆಗಳು ಯಾವ ಕಡೆ ವಾಲಿವೆ ಎಂದು ಕನ್ನಡಕ ಒರೆಸಿಕೊಂಡು ನೋಡಿದೆ. ಅಂಗಡಿಯಲ್ಲಿ ಗಿರಾಕಿಯ ಪ್ಯಾಂಟಿನ ಅಂಚು ಬಿಚ್ಚಿ ಹೊಲಿದ ಹಾಗೆ ಅದೊಂದು ಸಾಲನ್ನು ವಾರವಿಡೀ ಬಿಚ್ಚಿ ಹೊಲಿದೆ. ನಿನಗೆ ತಿಳಿಯದಿದ್ದರೆ ಹೇಳಿಬಿಡು ಎಂದು ಗುಬ್ಬಿಯ ಮೇಲೂ ರೇಗಿದೆ. ಪಾಪ, ಅವಳು ಬೇಜಾರು ಮಾಡಿಕೊಳ್ಳಲಿಲ್ಲ. ಕೊನೆಗೆ ಒಂದು ದಿನ ಕೇಳಿದಳು. "ಆಂಟಿ, ನೀವು ಬರೆದಿರೋದು ಸರಿಯಾಗೇ ಇದೆ. ಬರೆದ ಮೇಲೆ ಸರ್ವರ್‌ನ ನಿಲ್ಸಿ ಮತ್ತೆ ಶುರು ಮಾಡಿದ್ರಾ?" ನಾನು ಮಾಡಿರಲಿಲ್ಲ. ಓಡುತ್ತಿರುವುದನ್ನು ನಿಲ್ಲಿಸಿದರೆ ಮತ್ತೆ ಶುರುವಾಗದಿದ್ದರೆ ಎಂಬ ಭಯ ನನಗೆ. ಗಟ್ಟಿ ಮನಸ್ಸು ಮಾಡಿ ನಿಲ್ಲಿಸಿದೆ, ಶುರು ಮಾಡಿದೆ.

ಪುಟ ಬಂತು. 'ನಮ್ಮ ಮನೆಯವರ ವಯಸ್ಸು' ಎಂದು ಮೇಲೆ ಅದೇ ನೇರಳೆ ಅಕ್ಷರ. ನಿಮ್ಮ ವಯಸ್ಸಿನ ಪಕ್ಕದಲ್ಲಿ, ಅಪ್ಪ ಹೊರಗೆ ಹೇಳುವ ವಯಸ್ಸು ಎಂದು ಎರಡು ವರ್ಷ ಕಮ್ಮಿ ಮಾಡಿ ಬರೆದಿದ್ದಾಳಲ್ಲ, ಅದೂ ಇತ್ತು. ನಗು ಬಂತು. ಕೆಳಗೆ ಅವಳ ಸಾಲು ನೋಡಿದೆ. 'ನನಗೆ ಈಗ ಹತ್ತೊಂಬತ್ತು ವರ್ಷ' ಎಂದಿತ್ತು.

ಹತ್ತೊಂಬತ್ತರ ಮುಖ ನನಗೆ ಗೊತ್ತಿಲ್ಲ. ಜಡೆ ಇಟ್ಟುಕೊಂಡಿರುತ್ತಿದ್ದಳೋ, ಕತ್ತರಿಸಿಕೊಂಡಿರುತ್ತಿದ್ದಳೋ, ನನಗಿಂತ ಎತ್ತರವಾಗಿರುತ್ತಿದ್ದಳೋ. ಅಂಗಡಿಯಲ್ಲಿ ಆ ವಯಸ್ಸಿನ ಹುಡುಗಿಯರ ಅಳತೆ ತೆಗೆಯುವಾಗಲೆಲ್ಲ ಟೇಪನ್ನು ಎರಡೆರಡು ಸಲ ಹಿಡಿದು ನೋಡುತ್ತೇನೆ. ನೀವು ಹೇಳುವ ಹದಿನಾರೂ ನನಗೆ ಬೇಡ. ಹದಿನಾರು ಎಂದರೆ ಆ ಜ್ವರ, ಆಸ್ಪತ್ರೆಯ ಆ ಬೆಂಚು, ಒಳಗಿನಿಂದ ಬಂದ ನರ್ಸು ನಮ್ಮಿಬ್ಬರಲ್ಲಿ ಯಾರಿಗೆ ಹೇಳುವುದೆಂದು ತಡವರಿಸಿ ನಿಂತದ್ದು.

ಅಂದು ಸಂಜೆ ಅಂಗಡಿಗೆ ಹೋಗುವಾಗ ಕಂಪ್ಯೂಟರಿನ ಪ್ಲಗ್ಗನ್ನು ಗೋಡೆಯಿಂದಲೇ ಕಿತ್ತಿಟ್ಟೆ. ಮರುದಿನ ಹಾಕಿ ತೆರೆದರೆ, 'ನನಗೆ ಈಗ ಏಳು ವರ್ಷ' ಎಂದಿತ್ತು. ಕೆಟ್ಟುಹೋಯಿತು ಎಂದುಕೊಂಡೆ. ಕೆಟ್ಟಿಲ್ಲವಂತೆ. ಒಳಗೆ ಗಡಿಯಾರ ನಡೆಸುವ ಗುಂಡಿಯಷ್ಟು ಬ್ಯಾಟರಿ ಸತ್ತಿದೆ, ಪ್ಲಗ್ ಕಿತ್ತರೆ ಯಂತ್ರ ಯಾವುದೋ ಹಳೆಯ ವರ್ಷದ ಮೊದಲ ತಾರೀಖಿಗೆ ಹೋಗಿ ನಿಲ್ಲುತ್ತದೆ ಎಂದಳು ಗುಬ್ಬಿ. ಮೊದಲ ದಿನ ಅವಳೇ ನನ್ನಿಂದ ತಾರೀಖು ಸರಿಮಾಡಿಸಿದ್ದಳಂತೆ. ಹೊಸ ಬ್ಯಾಟರಿ ಹಾಕಿಸಿಬಿಡಿ ಎಂದಳು. ಆಗಲಿ ಎಂದೆ. ಹಾಕಿಸಲಿಲ್ಲ.

ಏಳು ವರ್ಷದವಳನ್ನು ನಾನು ಬಲ್ಲೆ. ಮುಂದಿನ ಹಲ್ಲು ಬಿದ್ದು ಬಾಯಿ ಮುಚ್ಚಿಕೊಂಡು ನಗುತ್ತಿದ್ದವಳು. ನಾನು ಬಟ್ಟೆ ಕತ್ತರಿಸುವ ಮೇಜಿನ ಕೆಳಗೆ ಕೂತು ಗುಂಡಿ ಆರಿಸುತ್ತಿದ್ದವಳು. ನೀವು ಡಿಪೋಗೆ ಕರೆದೊಯ್ದು, ರಿಪೇರಿಗೆ ಬಂದ ಬಸ್ಸಿನ ಡ್ರೈವರ್ ಸೀಟಿನಲ್ಲಿ ಕೂರಿಸಿದರೆ ಮೈಯೆಲ್ಲ ಗ್ರೀಸು ಮಾಡಿಕೊಂಡು ಬರುತ್ತಿದ್ದವಳು. ಈಗ ದಿನಾ ಅವಳನ್ನು ನೋಡಿ ಪ್ಲಗ್ ಕೀಳುತ್ತೇನೆ. ಬಿಟ್ಟರೆ ಯಂತ್ರದ ದಿನ ಮುಂದೆ ಹೋಗುತ್ತದೆ. ಕಿತ್ತರೆ ಮರುದಿನ ಮತ್ತೆ ಏಳು. ಇಂಟರ್ನೆಟ್ಟಿನ ತಂತಿಯನ್ನೂ ತೆಗೆದಿಟ್ಟಿದ್ದೇನೆ. ಅದಿದ್ದರೆ ಯಂತ್ರ ಹೊರಗಿನವರನ್ನು ಕೇಳಿ ತಾರೀಖು ಸರಿಮಾಡಿಕೊಳ್ಳುತ್ತದೆ.

ನಿಮ್ಮ ರಿಪೇರಿಯವನು ಮೊದಲು ಮಾಡುವ ಕೆಲಸವೇ ಬ್ಯಾಟರಿ ಬದಲಾಯಿಸುವುದು. ಅದಕ್ಕೇ ಬೇಡ ಎಂದದ್ದು. ಅವಳ ಕೋಣೆಯ ಬಾಗಿಲು ನೋಡಲಾರೆ ಎಂದು ನೀವು ಮನೆಯನ್ನೇ ಬಿಟ್ಟಿರಿ, ನಾನು ತಡೆಯಲಿಲ್ಲ. ನನ್ನದು ಇಷ್ಟು. ಹುಚ್ಚು ಎನ್ನುವುದಾದರೆ ಎನ್ನಿ. ಇದನ್ನು ನನಗೆ ಬಿಟ್ಟುಬಿಡಿ.

ಮೊಣಕಾಲಿಗೆ ಎಣ್ಣೆ ಹಚ್ಚುತ್ತಿದ್ದೀರಾ? ಬಸ್ಸಿನ ಕೆಳಗೆ ಮಲಗುವಾಗ ರಟ್ಟು ಹಾಸಿಕೊಳ್ಳಿ. ಅದನ್ನೂ ನಾನೇ ಹೇಳಬೇಕೇ?

ಇಂತಿ,
ಅವಳ ಅಮ್ಮ

ಬುಧವಾರ ಸೇರಿಸಿದ್ದು: ಕಾಗದ ಇನ್ನೂ ನನ್ನ ಹತ್ತಿರವೇ ಇದೆ. ನಾಳೆ ನಾನೇ ಡಿಪೋದ ಗೇಟಿನಲ್ಲಿ ಕೊಟ್ಟು ಬರುತ್ತೇನೆ. ಭಾನುವಾರ ಇದನ್ನು ಬರೆದು ಮುಗಿಸಿದ ಮೇಲೆ ಪ್ಲಗ್ ಕೀಳಲು ಹೋದೆ. ಬೆಳೆಯಬೇಕಾದ ಮಗುವನ್ನು ಪ್ರತಿ ಸಂಜೆ ತಡೆದು ನಿಲ್ಲಿಸುತ್ತಿದ್ದೇನಲ್ಲ ಎನಿಸಿ ಕೈ ಬರಲಿಲ್ಲ. ಅಂದಿನಿಂದ ಕಿತ್ತಿಲ್ಲ. ಯಂತ್ರದ ಲೆಕ್ಕದಲ್ಲಿ ಬರುವ ಸೋಮವಾರ ಅವಳಿಗೆ ಎಂಟು ತುಂಬುತ್ತದೆ. ಒಬ್ಬಳೇ ನೋಡಲಾರೆ. ರಿಪೇರಿಯವನನ್ನು ಕಳಿಸಬೇಡಿ ಎಂದೆ, ನೀವು ಬನ್ನಿ.