ನನ್ನ ಮಗಳ ಫಲಿತಾಂಶ ಯಾವ ಜಿಲ್ಲೆಯ ಲೆಕ್ಕಕ್ಕೆ?

ಶೈಕ್ಷಣಿಕ ಜಿಲ್ಲಾ ವಿಭಜನಾ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ನಮ್ಮ ದೊಡ್ಡ ಶೈಕ್ಷಣಿಕ ಜಿಲ್ಲೆಯನ್ನು ಒಡೆದು ಎರಡು ಮಾಡಿದಿರಿ. ನನ್ನ ಮಗಳಿಗೆ ಗಣಿತ ಹೇಳಿಕೊಡುತ್ತಿದ್ದ ಟೀಚರು ಆ ಕಡೆಗೆ ಹೋದರು, ನನ್ನ ಮಗಳು ಈ ಕಡೆ ಉಳಿದಳು. ಅವಳ ಎಸ್ಸೆಸ್ಸೆಲ್ಸಿ ಪರೀಕ್ಷೆ ಇರುವುದು ಮಾರ್ಚಿನಲ್ಲಿ. ನಿಮ್ಮ ಆದೇಶ ಜಾರಿಯಾದದ್ದು ದೀಪಾವಳಿ ಮುಗಿದ ಮರುವಾರ. ನನ್ನ ತಕರಾರು ಇಷ್ಟೇ, ಓದಲು ಪುರುಸೊತ್ತಿಲ್ಲದಿದ್ದರೆ ಇಲ್ಲಿಗೇ ನಿಲ್ಲಿಸಬಹುದು. ಇದೇ ವಿಷಯವಾಗಿ ನಾನು ಕಳಿಸಿದ ಅರ್ಜಿಗಳಿಗೆಲ್ಲ ನಿಮ್ಮ ಸಮಿತಿಯಿಂದ ಬಂದ ಉತ್ತರ ‘ಸ್ವೀಕರಿಸಲಾಗಿದೆ’ ಎಂಬ ಒಂದು ಮುದ್ರೆ ಮಾತ್ರ. ಮುದ್ರೆಯ ಜೊತೆ ವಾದ ಮಾಡುವುದು ಹೇಗೆಂದು ನನಗೆ ತಿಳಿಯಲಿಲ್ಲ. ಅದಕ್ಕೇ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ.

ನಾನು ಚಿಂಚೋಳಿ ತಾಲೂಕಿನ ಕುಂಚಾವರಂ ಸೀಮೆಯ ದರ್ಜಿ. ಶಾಲೆಯ ಹುಡುಗರ ಅಂಗಿ ಚಡ್ಡಿ, ಹುಡುಗಿಯರ ಚೂಡಿದಾರ ಹೊಲಿದು ಹೊಟ್ಟೆ ಹೊರೆಯುತ್ತೇನೆ. ಪಿಯುಸಿವರೆಗೆ ಓದಿದ ತಪ್ಪಿಗೆ ಊರಿನವರ ಅರ್ಜಿಗಳನ್ನು ಬರೆದುಕೊಡುವ ಬಿಟ್ಟಿ ಚಾಕರಿಯೂ ನನ್ನ ಪಾಲಿಗೇ ಬಂದಿದೆ. ನನ್ನ ಮಗಳು ರಿಹಾನ ಇಲ್ಲಿನ ಸರ್ಕಾರಿ ಪ್ರೌಢಶಾಲೆಯಲ್ಲಿ ಹತ್ತನೆಯ ತರಗತಿ ಓದುತ್ತಿದ್ದಾಳೆ. ನಮ್ಮ ಮನೆತನದಲ್ಲಿ ಹತ್ತರವರೆಗೆ ಬಂದ ಮೊದಲ ಹೆಣ್ಣುಮಗಳು ಅವಳು. ಇದನ್ನು ಹೆಮ್ಮೆಯಿಂದ ಬರೆಯಬೇಕಿತ್ತು, ಈಗ ಭಯದಿಂದ ಬರೆಯುತ್ತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ, ನಾನು ವಿಭಜನೆಯ ವಿರೋಧಿಯಲ್ಲ. ವಿಭಜನೆ ಬೇಕೇ ಬೇಕು ಎಂದು ಕೂಗಿದ ಗಂಟಲುಗಳಲ್ಲಿ ನನ್ನದೂ ಒಂದು. ಜಿಲ್ಲೆ ಅಷ್ಟು ದೊಡ್ಡದಿತ್ತು. ಒಂದು ಕಾಗದಕ್ಕೆ ಸಹಿ ಬೇಕೆಂದರೆ ನಾವು ಕುಂಚಾವರಂನಿಂದ ಚಿಂಚೋಳಿಗೆ ಬಂದು, ಅಲ್ಲಿ ಬಸ್ಸು ಬದಲಿಸಿ ಕಲಬುರಗಿ ಮುಟ್ಟುವ ಹೊತ್ತಿಗೆ ಅರ್ಧ ದಿನ ಕಳೆದಿರುತ್ತಿತ್ತು. ಉಳಿದ ಅರ್ಧ ದಿನ ವಾಪಸು ಬರುವ ಚಿಂತೆಯಲ್ಲಿ ಹೋಗುತ್ತಿತ್ತು. ಸೇಡಂನಲ್ಲಿ ಕಚೇರಿಯಾದರೆ ಸಂಜೆಯ ಊಟಕ್ಕೆ ಮನೆಯಲ್ಲಿರಬಹುದು ಎಂಬುದಷ್ಟೇ ನಮ್ಮ ಆಸೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ, ಐದೂ ಊರಿನವರು ಒಂದೇ ಜಮಖಾನೆಯ ಮೇಲೆ ಕೂತು ಧರಣಿ ಮಾಡಿದೆವು. ಬ್ಯಾನರಿನ ಮೇಲೆ ಐದೂ ಊರಿನ ಹೆಸರಿತ್ತು. ಹೊಸ ಜಿಲ್ಲೆ ಘೋಷಣೆಯಾಯಿತು ಎಂದು ಫೋನು ಬಂದ ದಿನ ನಾನು ಅಂಗಡಿಯ ಮುಂದೆ ನಿಂತು ಬಂದವರಿಗೆಲ್ಲ ಪೇಢೆ ಹಂಚಿದೆ. ಪೇಢೆ ತಿಂದು ಕೈ ಒರೆಸಿಕೊಳ್ಳುವ ಹೊತ್ತಿಗೆ ಆದೇಶದ ಪ್ರತಿ ಮೊಬೈಲಿಗೆ ಬಂತು. ಅದರಲ್ಲಿ ನಾಲ್ಕೇ ಊರಿದ್ದವು. ಚಿಂಚೋಳಿಯನ್ನು ನೀವು ಹಳೆಯ ಜಿಲ್ಲೆಯಲ್ಲೇ ಬಿಟ್ಟಿದ್ದಿರಿ.

ಕಾರಣವೇನೆಂದು ನೋಡಿದರೆ ‘ಆಡಳಿತಾತ್ಮಕ ಅನುಕೂಲ’ ಎಂದು ಬರೆದಿತ್ತು. ಯಾರ ಅನುಕೂಲ ಸ್ವಾಮಿ? ವಾಡಿಗೆ ರೈಲಿದೆ, ಶಹಾಬಾದಿಗೆ ರೈಲಿದೆ, ಚಿತ್ತಾಪುರಕ್ಕೂ ಸೇಡಂಗೂ ಇದೆ. ಶಾಲೆಯ ತಪಾಸಣೆಗೆ ಬರುವ ಸಾಹೇಬರು ಕಿಟಕಿಯ ಪಕ್ಕ ಕೂತು ಬಂದು ಕಿಟಕಿಯ ಪಕ್ಕವೇ ಕೂತು ಹೋಗಬಹುದು. ಕೋಡ್ಲಾದಂಥ ಊರಿಗೆ ಹೋದರೆ ಸಿಮೆಂಟು ಕಾರ್ಖಾನೆ ಇದೆ, ಕಾರ್ಖಾನೆ ಇದ್ದಲ್ಲಿ ಶಾಲೆಗೊಂದು ಕೊಠಡಿ ಕೇಳಲು, ನಾಲ್ಕು ಬೆಂಚು ಕೇಳಲು ಒಂದು ಬಾಗಿಲಾದರೂ ಇರುತ್ತದೆ. ಆ ಊರಿನವರ ಮೇಲೆ ನನಗೆ ಹೊಟ್ಟೆಕಿಚ್ಚಿಲ್ಲ, ಅವರು ಕುಡಿಯುವ ಧೂಳು ಅವರಿಗೇ ಗೊತ್ತು. ಆದರೆ ನಮ್ಮಲ್ಲಿರುವುದು ಕಾಡು. ಕಾಡು ಶಾಲೆಗೆ ದೇಣಿಗೆ ಕೊಡುವುದಿಲ್ಲ. ರೈಲು ಇರುವುದನ್ನೂ ಕಾರ್ಖಾನೆ ಇರುವುದನ್ನೂ ಒಂದು ಕಡೆ ಆರಿಸಿಟ್ಟುಕೊಂಡು ಉಳಿದದ್ದನ್ನು ಬಿಡುವುದಕ್ಕೆ ವಿಭಜನೆ ಎನ್ನುವುದಿಲ್ಲ. ನಾನೂ ದಿನಾ ಬಟ್ಟೆ ಕತ್ತರಿಸುವವನೇ. ಒಳ್ಳೆಯ ತುಂಡು ಒಬ್ಬರಿಗೆ ಕೊಟ್ಟು ಚಿಂದಿಯನ್ನು ಇನ್ನೊಬ್ಬರಿಗೆ ಕೊಟ್ಟರೆ ನನ್ನ ಗಿರಾಕಿ ಅಂಗಡಿಯ ಮುಂದೆಯೇ ನನ್ನ ಮರ್ಯಾದೆ ತೆಗೆಯುತ್ತಾನೆ.

ಮರ್ಯಾದೆಯ ಮಾತು ಬಂದದ್ದರಿಂದ ನಿಮ್ಮ ಅಹವಾಲು ಸಭೆಯನ್ನು ನೆನಪಿಸುತ್ತೇನೆ. ಆದೇಶದ ಮೇಲಿನ ಆಕ್ಷೇಪಣೆ ಕೇಳಲೆಂದು ಸಭೆಯನ್ನು ಸೇಡಂನಲ್ಲಿ ಬೆಳಿಗ್ಗೆಯೇ ಕರೆದಿದ್ದಿರಿ. ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಬಸ್ಸಮ್ಮನೂ ನಾನೂ ಮೊದಲ ಬಸ್ಸಿಗೇ ಹೊರಟರೂ, ಬಸ್ಸು ದಾರಿಯಲ್ಲಿ ಕೆಟ್ಟು ನಿಂತು, ಮುಟ್ಟುವಾಗ ಮಧ್ಯಾಹ್ನವಾಗಿತ್ತು. ಸಾರ್ವಜನಿಕರ ಅಭಿಪ್ರಾಯ ಕೇಳುವುದು ಮುಗಿದು ನಿಮ್ಮ ಊಟ ನಡೆದಿತ್ತು. ಆದರೂ ನೀವು ಸೌಜನ್ಯದಿಂದ ಒಳಗೆ ಕರೆದಿರಿ, ಅದನ್ನು ಮರೆತಿಲ್ಲ. ಗೋಡೆಯ ಮೇಲೆ ದೊಡ್ಡ ನಕ್ಷೆ ತೂಗುಹಾಕಿದ್ದಿರಿ. ಕೆಂಪು ಗೆರೆ ನಮ್ಮನ್ನು ಹೊರಗಿಟ್ಟು ಹಾದುಹೋಗಿತ್ತು. ನಮ್ಮ ಊರು ಎಲ್ಲಿದೆ ಎಂದು ಬಸ್ಸಮ್ಮ ಕೇಳಿದಾಗ ನಿಮ್ಮ ಸಮಿತಿಯ ಸದಸ್ಯರೊಬ್ಬರು ಹಸಿರು ಬಣ್ಣ ಬಳಿದ ಜಾಗ ತೋರಿಸಿ, “ಅದೆಲ್ಲ ಅರಣ್ಯ ಪ್ರದೇಶ ಅಮ್ಮಾ” ಎಂದರು.

“ಅರಣ್ಯ ಅದ ಖರೇರಿ. ಆದ್ರ ನಾ ದಿನಾ ಅನ್ನ ಮಾಡಿ ಬಡಸೂದು ಗಿಡಗಳಿಗಲ್ರಿ ಸಾಹೇಬ್ರ, ಹುಡುಗರಿಗಿ” ಎಂದಳು ಬಸ್ಸಮ್ಮ.

ಆಗ ಆ ಸದಸ್ಯರು, ಬಹುಶಃ ಊಟದ ಸಮಾಧಾನದಲ್ಲಿ, ನಿಜ ಹೇಳಿಬಿಟ್ಟರು. ಚಿಂಚೋಳಿಯ ಗಡಿಭಾಗದ ಶಾಲೆಗಳನ್ನು ಸೇರಿಸಿದರೆ ಹೊಸ ಜಿಲ್ಲೆಯ ಫಲಿತಾಂಶದ ಸರಾಸರಿ ಬೀಳುತ್ತದಂತೆ. ಹುಟ್ಟಿದ ವರ್ಷವೇ ಜಿಲ್ಲೆಗೆ ಕೆಳಗಿನ ಸ್ಥಾನ ಬಂದರೆ ಅವಮಾನವಂತೆ. ನೀವು ಅಲ್ಲೇ ಕೂತಿದ್ದಿರಿ. ಅಲ್ಲ ಎನ್ನಲಿಲ್ಲ.

“ಹಂಗಾರ ನಮ್ಮ ಹುಡುಗರು ಅಂದ್ರ ನಿಮಗ ನಾಚಿಕಿ ಬರ್ತದೇನ್ರಿ?” ಎಂದಳು ಬಸ್ಸಮ್ಮ.

“ಕೂತ್ಕೊಳ್ಳಿ ಅಮ್ಮಾ, ಚಹಾ ತಗೊಳ್ಳಿ” ಎಂದಿರಿ ನೀವು.

“ಚಾ ನಮ್ಮೂರಾಗೂ ಸಿಗ್ತದರಿ” ಎಂದು ಅವಳು ಹೊರಗೆ ಬಂದಳು. ನಾನೂ ಬಂದೆ.

ಅಧ್ಯಕ್ಷರೇ, ನಿಮ್ಮ ಉಪಾಯ ನನಗೆ ಭಾಳ ಹಿಡಿಸಿತು. ಒಂದಕ್ಷರ ಕಲಿಸದೆ ಫಲಿತಾಂಶ ಏರಿಸುವ ವಿದ್ಯೆ ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ. ಇದನ್ನು ಇಲ್ಲಿಗೇ ಬಿಡಬೇಡಿ. ಬರುವ ವರ್ಷ ವಾಡಿಯ ಹುಡುಗರು ಹಿಂದೆ ಬಿದ್ದರೆ ವಾಡಿಯನ್ನು ತೆಗೆದುಹಾಕಿ. ಅದರ ಮರುವರ್ಷ ಶಹಾಬಾದಿನ ಸರದಿ. ಹೀಗೆ ತೆಗೆಯುತ್ತಾ ತೆಗೆಯುತ್ತಾ ಕೊನೆಗೆ ನಿಮ್ಮ ಕಚೇರಿಯ ಎದುರುಮನೆಯ ಜಾಣೆ ಒಬ್ಬಳೇ ಉಳಿದರೂ ಸಾಕು, ಜಿಲ್ಲೆಗೆ ನೂರಕ್ಕೆ ನೂರು. ರಾಜ್ಯಕ್ಕೇ ಪ್ರಥಮ ಸ್ಥಾನ. ಆ ದಿನ ನಿಮಗೆ ಶಾಲು ಹೊದಿಸಲು ನಾನೇ ಬರುತ್ತೇನೆ, ಅಂಚನ್ನೂ ನಾನೇ ಹೊಲಿದು ತರುತ್ತೇನೆ.

ಇನ್ನು ಅಂಬಿಕಾ ಟೀಚರ ವಿಷಯ. ಅವರು ಸೇಡಂ ತಾಲೂಕಿನ ಕುರಕುಂಟಾದವರು. ನೌಕರಿ ಸಿಕ್ಕಿ ನಮ್ಮ ಶಾಲೆಗೆ ಬಂದಾಗ ಹುಡುಗರ ಮಾತು ಅವರಿಗೆ ತಿಳಿಯುತ್ತಿರಲಿಲ್ಲ. ನಮ್ಮ ಕಡೆ ಅರ್ಧ ಮಕ್ಕಳು ಮನೆಯಲ್ಲಿ ತೆಲುಗು ಆಡುತ್ತಾರೆ, ನಮ್ಮಂಥವರ ಮನೆಯಲ್ಲಿ ಉರ್ದು, ಪುಸ್ತಕ ಮಾತ್ರ ಕನ್ನಡ. ಟೀಚರು ಬಸ್ಸಮ್ಮನ ಒಲೆಯ ಮುಂದೆ ಕೂತು ತೆಲುಗು ಕಲಿತರು. ಉರ್ದುವಿನ ನಾಲ್ಕು ಮಾತನ್ನು ನನ್ನ ಅಂಗಡಿಯ ಕಟ್ಟೆಯ ಮೇಲೆ ಕಲಿತರು. ಲೆಕ್ಕವನ್ನು ಕನ್ನಡದಲ್ಲಿ ಬರೆದು, ತೆಲುಗಿನಲ್ಲಿ ಬಿಡಿಸಿ ಹೇಳಿ, ಆಮೇಲೆ ಹಿಂದಿನ ಬೆಂಚಿಗೆ ತಿರುಗಿ, ತಿಳಿಯಿತೇ ಎಂದು ಕೇಳುವುದಕ್ಕೆ “ಸಮಝೆ?” ಎನ್ನುತ್ತಿದ್ದರು. ರಿಹಾನ ಎಂಟನೆಯ ತರಗತಿಯಲ್ಲಿ ಗಣಿತವೆಂದರೆ ಅಳುತ್ತಿದ್ದ ಹುಡುಗಿ. ಒಂಬತ್ತರ ಕೊನೆಗೆ ನನ್ನ ಅಳತೆಯ ಟೇಪು ಕಸಿದುಕೊಂಡು, ಕಂಬದ ನೆರಳು ಅಳೆದು ಕಂಬದ ಎತ್ತರ ಹೇಳುತ್ತೇನೆ ಎಂದು ಓಡುತ್ತಿದ್ದಳು.

ನಿಮ್ಮ ವಿಭಜನೆಯ ನಿಯಮದಲ್ಲಿ ಶಿಕ್ಷಕರು ತಮಗೆ ಬೇಕಾದ ಜಿಲ್ಲೆಯನ್ನು ಆರಿಸಿಕೊಳ್ಳಬಹುದು ಎಂದಿದೆ. ಒಂದೇ ಸಲ, ಈಗ ಮಾತ್ರ. ಕೇಳಲು ಎಷ್ಟು ಚೆಂದ! ಕಾಡಿನಂಚಿನ ಶಾಲೆ ಬೇಕೋ ರೈಲು ನಿಲ್ಲುವ ಊರು ಬೇಕೋ ಎಂದು ಕೇಳಿದರೆ ಯಾರು ಏನು ಹೇಳುತ್ತಾರೆಂದು ನಿಮಗೆ ಗೊತ್ತಿರಲಿಲ್ಲವೇ? ನಮ್ಮ ಶಾಲೆಯ ಅರ್ಧಕ್ಕೂ ಹೆಚ್ಚು ಶಿಕ್ಷಕರು ಆ ಕಡೆಗೆ ಹೋದರು. ಅಂಬಿಕಾ ಟೀಚರೂ ಹೋಗಬೇಕಾಯಿತು. ಹೋಗುವ ಮುನ್ನಾದಿನ ಅಂಗಡಿಗೆ ಬಂದು ನಿಂತರು. ಕುಂದ್ರಿ ಎಂದರೂ ಕೂರಲಿಲ್ಲ.

“ಗನಿ ಭಾಯಿ, ನನ್ನ ಮ್ಯಾಲ ಸಿಟ್ಟಾಗಬ್ಯಾಡ್ರಿ. ಈಗ ಹೋಗ್ಲಿಲ್ಲಂದ್ರ ಮುಂದ ನಮ್ಮ ಜಿಲ್ಲಾಕ್ಕ ಹೋಗ್ಲಿಕ್ಕೇ ಬರಂಗಿಲ್ಲ ಅಂತಾರ. ನನ್ನ ಸಣ್ಣ ಮಗಳು ಅಲ್ಲಿ ನಮ್ಮ ಅತ್ತಿ ಹಂತ್ಯಾಕ ಬೆಳೀಲಿಕತ್ತಾಳ. ಅತ್ತಿಗೇ ಅವ್ವ ಅಂತ ಕರೀಲಿಕತ್ತಾಳ್ರಿ. ನನಗ ಟೀಚರ್ ಅಂತಾಳ.”

“ನಿಮ್ಮ ಮ್ಯಾಲ ಸಿಟ್ಟಿಲ್ಲ ಟೀಚರ್. ಹೋಗ್ರಿ, ಮಗಳನ್ನ ನೋಡ್ಕೋರಿ.”

“ಮಾರ್ಚ್ ತನಕ ಇಲ್ಲೇ ಇದ್ದು ಪರೀಕ್ಷಾ ಮುಗಿಸಿ ಹೋಗ್ತೀನಿ ಅಂತ ಬರದು ಕೊಟ್ಟಿದ್ನಿರಿ. ಇಷ್ಟು ವರ್ಷ ತಡದೀನಿ, ಇನ್ನ ನಾಕು ತಿಂಗಳು ತಡೀತಿದ್ದೆ. ಅವಕಾಶ ಇಲ್ಲ ಅಂದ್ರು.”

ಅವಕಾಶ ಇಲ್ಲ. ಒಬ್ಬ ತಾಯಿ ತನ್ನ ಮಗಳನ್ನು ಇನ್ನೂ ನಾಲ್ಕು ತಿಂಗಳು ಬಿಟ್ಟಿದ್ದು ನಮ್ಮ ಮಕ್ಕಳಿಗೆ ಪಾಠ ಮಾಡುತ್ತೇನೆ ಎಂದರೂ ನಿಮ್ಮ ಸಮಿತಿಯಲ್ಲಿ ಅವಕಾಶ ಇಲ್ಲ. ಹಾಗಿದ್ದರೆ ನಿಮ್ಮಲ್ಲಿ ಅವಕಾಶ ಇರುವುದು ಯಾವುದಕ್ಕೆ? ವರ್ಷದ ನಟ್ಟನಡುವೆ ಹತ್ತನೆಯ ತರಗತಿಯ ಗಣಿತದ ಟೀಚರನ್ನು ಎತ್ತಿಕೊಂಡು ಹೋಗುವುದಕ್ಕೆ ಮಾತ್ರವೇ? ಅವರ ಜಾಗಕ್ಕೆ ಬರುವವರು ಯಾರೆಂದು ಕೇಳಿದರೆ ಹೊಸ ಜಿಲ್ಲೆಯವರು ಹಳೆಯ ಜಿಲ್ಲೆಯ ಕಡೆ ಕೈ ತೋರಿಸುತ್ತಾರೆ, ಹಳೆಯವರು ಹುದ್ದೆಗಳ ಹಂಚಿಕೆ ನಿಮ್ಮ ಸಮಿತಿಯಲ್ಲಿ ಬಾಕಿ ಇದೆ ಎನ್ನುತ್ತಾರೆ. ನೀವು ಮುದ್ರೆ ಒತ್ತುತ್ತೀರಿ.

ಈಗ ನಮ್ಮ ಶಾಲೆಯಲ್ಲಿ ಗಣಿತದ ಪಿರಿಯಡ್ಡಿಗೆ ಆಟದ ಮಾಸ್ತರರು ಬರುತ್ತಾರೆ. ಒಳ್ಳೆಯ ಮನುಷ್ಯ, ಕೈಲಾದದ್ದು ಮಾಡುತ್ತಾರೆ. ಗೈಡಿನಲ್ಲಿರುವ ಉತ್ತರವನ್ನು ಬೋರ್ಡಿನ ಮೇಲೆ ಬರೆಯುತ್ತಾರೆ, ಹುಡುಗರು ಬರೆದುಕೊಳ್ಳುತ್ತಾರೆ. ಯಾಕೆ ಹೀಗೆ ಬಂತು ಎಂದು ಯಾರಾದರೂ ಕೇಳಿದರೆ, “ನನಗೂ ಅದೇ ತಿಳೀವಲ್ದಪ್ಪ” ಎನ್ನುತ್ತಾರಂತೆ. ರಿಹಾನ ಮೊದಲ ವಾರ ಬಂದು ಇದನ್ನು ಹೇಳಿ ನಕ್ಕಳು. ಎರಡನೆಯ ವಾರ ನಗಲಿಲ್ಲ. ಈಗ ಗಣಿತದ ಪುಸ್ತಕವನ್ನು ಚೀಲದಿಂದ ತೆಗೆಯುವುದೇ ಇಲ್ಲ. ಟೇಪು ದಿನವಿಡೀ ನನ್ನ ಕೊರಳಲ್ಲೇ ಇರುತ್ತದೆ.

ಅವಳು ಫೇಲಾದರೆ ಏನಾಗುತ್ತದೆಂದು ನಿಮಗೆ ಗೊತ್ತಿರಲಿಕ್ಕಿಲ್ಲ. ನನಗೆ ಗೊತ್ತು. ನನ್ನ ಅಕ್ಕ ತನ್ನ ಮಗನಿಗೆ ರಿಹಾನಳನ್ನು ಕೇಳಿ ಆಗಲೇ ಎರಡು ಸಲ ಬಂದುಹೋಗಿದ್ದಾಳೆ. ಓದುತ್ತಿದ್ದಾಳೆ, ಹದಿನೆಂಟು ತುಂಬುವವರೆಗೆ ಆ ಮಾತೇ ಬೇಡ ಎಂದು ಕಳಿಸಿದ್ದೇವೆ. ನನ್ನ ಹೆಂಡತಿ ಮೆಹತಾಬ್ ಗಟ್ಟಿ ಹೆಂಗಸು. ಪಾಸಾದರೆ ಬಾಗಿಲಿಗೆ ತಾನೇ ಅಡ್ಡ ನಿಲ್ಲುತ್ತೇನೆ ಎನ್ನುತ್ತಾಳೆ. ಫೇಲಾದರೆ? ಫೇಲಾದ ಹುಡುಗಿ ಮನೆಯಲ್ಲಿ ಕೂತರೆ ನಮ್ಮ ಓಣಿಯಲ್ಲಿ ಯಾವ ವಾದವೂ ನಿಲ್ಲುವುದಿಲ್ಲ. ಹದಿನೆಂಟಾಗಬೇಕು ಎನ್ನುವ ಕಾನೂನು ಕೂಡ ನಿಮ್ಮ ನಕ್ಷೆಯ ಹಾಗೆ ನಮ್ಮ ಓಣಿಯ ಹೊರಗೇ ಉಳಿಯುತ್ತದೆ. ನನಗೆ ಸಿಟ್ಟು ಬಂದಿದೆ ಅಧ್ಯಕ್ಷರೇ. ಅದಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿದೆ.

ಮೊನ್ನೆ ಸಂಜೆ ಬಸ್ಸಮ್ಮ ಅಂಗಡಿಗೆ ಬಂದಿದ್ದಳು. ನಿಮ್ಮ ಸಭೆಯ ಮಾತು ಮತ್ತೆ ಬಂತು. ಸರಾಸರಿ ಬೀಳುತ್ತದೆಂದು ನಮ್ಮನ್ನು ಬಿಟ್ಟ ಕತೆಯನ್ನು ನಾನು ಇಷ್ಟು ದಿನ ಮಗಳ ಮುಂದೆ ಹೇಳಿರಲಿಲ್ಲ. ಗುಂಡಿ ಹಚ್ಚುತ್ತಾ ಕೂತಿದ್ದ ರಿಹಾನ ಎಲ್ಲ ಕೇಳಿಸಿಕೊಂಡಳು. ಮನೆಯಲ್ಲಿ ನಮ್ಮ ಮಾತು ಉರ್ದು, ಬಸ್ಸಮ್ಮನ ಎದುರು ಮಾತ್ರ ಅವಳು ಕನ್ನಡದಲ್ಲೇ ಆಡುತ್ತಾಳೆ. ಆಗಲೂ ನನ್ನನ್ನು ಕರೆಯುವುದು ‘ಅಬ್ಬಾ’ ಎಂದೇ.

“ಅಬ್ಬಾ, ಹಂಗಾರ ನಾ ಫೇಲಾದ್ರ ಅವರಿಗಿ ಏನೂ ಆಗಂಗಿಲ್ಲಲ್ಲ?” ಎಂದು ಕೇಳಿದಳು.

ಬಸ್ಸಮ್ಮ ಎದ್ದುಹೋದಳು.

ಈ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನೀವು. ಮೊದಲನೆಯದಾಗಿ, ಪರೀಕ್ಷೆ ಮುಗಿಯುವವರೆಗೆ ನಮ್ಮ ಶಾಲೆಗೆ ಗಣಿತ ಕಲಿಸಬಲ್ಲ ಒಬ್ಬರನ್ನು ಕಳಿಸಿ, ನಾಳೆಯೇ ಕಳಿಸಿ. ಅಂಬಿಕಾ ಟೀಚರು ಬರೆದುಕೊಟ್ಟ ಕಾಗದ ನಿಮ್ಮಲ್ಲೇ ಇದೆ, ಅವರನ್ನು ಮತ್ತೊಮ್ಮೆ ಕೇಳಿ. ಅವರ ಮಗಳಿಗಾಗಿ ವಾರಕ್ಕೆರಡು ದಿನ ಕುರಕುಂಟಾಕ್ಕೆ ಬಿಟ್ಟರೂ ನಮಗೆ ಒಪ್ಪಿಗೆ, ಉಳಿದ ದಿನ ಸಾಕು. ಆಮೇಲೆ ನಿಮ್ಮ ನಕ್ಷೆಯನ್ನು ಸುತ್ತಿಕೊಂಡು ಕುಂಚಾವರಂಗೆ ಬನ್ನಿ. ಅಹವಾಲು ಸಭೆಯನ್ನು ಇಲ್ಲಿ ಮಾಡಿ, ಕೆಂಪು ಗೆರೆಯನ್ನು ನಮ್ಮೆದುರು ಅಳಿಸಿ ಚಿಂಚೋಳಿಯನ್ನು ಒಳಗಿಟ್ಟು ಮತ್ತೆ ಎಳೆಯಿರಿ. ಊಟ ಬಸ್ಸಮ್ಮ ಬಡಿಸುತ್ತಾಳೆ, ಸಿಟ್ಟಿದ್ದರೂ ಬಡಿಸುತ್ತಾಳೆ.

ಇದಾವುದಕ್ಕೂ ಅವಕಾಶವಿಲ್ಲ ಎನ್ನುವುದಾದರೆ ಒಂದೇ ಒಂದು ಕೆಲಸ ಮಾಡಿ. ಮಾರ್ಚಿನ ಪರೀಕ್ಷೆಗೆ ನನ್ನ ಮಗಳ ಹೆಸರನ್ನು ನಿಮ್ಮ ಹೊಸ ಜಿಲ್ಲೆಯ ಲೆಕ್ಕಕ್ಕೆ ಬರೆದುಕೊಳ್ಳಿ. ಅವಳ ಟೀಚರನ್ನು ನೀವು ತೆಗೆದುಕೊಂಡಿದ್ದೀರಿ. ಅವಳು ಫೇಲಾದರೆ ಆ ಫೇಲನ್ನೂ ನೀವೇ ತೆಗೆದುಕೊಳ್ಳಿ.

ಇಂತಿ,
ನಿಮ್ಮ ಹೊಸ ಜಿಲ್ಲೆಗೆ ಪೇಢೆ ಹಂಚಿದ,
ಅಬ್ದುಲ್ ಗನಿ
ದರ್ಜಿ, ರಿಹಾನಳ ಅಪ್ಪ
ಕುಂಚಾವರಂ ಸೀಮೆ (ನಿಮ್ಮ ನಕ್ಷೆಯಲ್ಲಿ ಹಸಿರು ಬಣ್ಣ)