ಕಲ್ಲುಬೆಂಚು ಬೇಡ

ಭಾವನವರಿಗೆ ನಮಸ್ಕಾರ.

ಸಾಹುಕಾರರು ನಿಮ್ಮ ತಮ್ಮನ ನೆನಪಿಗೆ ಕಲ್ಲುಬೆಂಚು ಹಾಕಿಸಿಕೊಡುತ್ತಾರಂತೆ. ನಡಿಗೆ ಸಂಘದ ಅಧ್ಯಕ್ಷರಾಗಿ ನೀವು ಒಪ್ಪಿಕೊಂಡೂ ಬಂದಿರಂತೆ. ನನ್ನನ್ನು ಒಂದು ಮಾತು ಕೇಳಬೇಕಿತ್ತು.

ಹೊಲದ ನಡುವಿನ ಕಾಲುದಾರಿಗೆ ಆ ಸಾಹುಕಾರರು ಬೇಲಿ ಬಿಗಿದದ್ದಕ್ಕೇ ಅಲ್ಲವೇ ನೀವೆಲ್ಲ ಲಾರಿ ಓಡಾಡುವ ರಸ್ತೆಗೆ ಇಳಿದದ್ದು? ಸುಸ್ತಾದವರನ್ನು ಕರೆತರಲು ನಮ್ಮ ಮನೆಯವರು ಯಾವಾಗಲೂ ಸಾಲಿನ ಕೊನೆಗೇ ನಡೆಯುತ್ತಿದ್ದರು. ಮುಂದಿನಿಂದ ನೀವು "ಬಾಲ ಬಂತಾ?" ಎಂದು ಕೂಗಿದರೆ, "ಬಾಲ ಬಿಟ್ಟು ತಲೆ ಎಲ್ಲಿಗೆ ಹೋಗತ್ತೆ, ನಡಿಯಣ್ಣ" ಎಂದು ನಗುತ್ತಿದ್ದರು. ಲಾರಿ ಹಿಂದಿನಿಂದ ಬಂತು. ಕೊನೆಯಲ್ಲಿದ್ದ ಇವರಿಗೇ ಬಡಿಯಿತು.

ದಾರಿ ಕಿತ್ತುಕೊಂಡವರು ಈಗ ಕೂರಲು ಜಾಗ ಕೊಡುತ್ತಾರೆಯೇ? ಮೊಣಕಾಲು ನೋವಿದ್ದರೂ ಇವರು ದಾರಿಯಲ್ಲಿ ಕೂತದ್ದನ್ನು ನೀವು ಎಂದಾದರೂ ಕಂಡಿದ್ದೀರಾ? ಬೆಂಚಿನ ಮೇಲೆ ಇವರ ಹೆಸರು ಕೆತ್ತಿದರೆ ಆ ಬೇಲಿಗೆ ನಾವೇ ರುಜು ಹಾಕಿಕೊಟ್ಟಂತೆ.

ಬೆಂಚು ಬೇಡವೆಂದು ನೀವೇ ಹೋಗಿ ಹೇಳಿ. ಈ ಭಾನುವಾರದ ನಡಿಗೆ ಬೇಲಿಯ ಬುಡದಿಂದಲೇ ಶುರುವಾಗಲಿ. ತಂತಿ ಕತ್ತರಿಸುವ ಇಕ್ಕಳ ನಾನು ತರುತ್ತೇನೆ. ನನಗೆ ಕೈಯಲ್ಲಿ ಬಲ ಸಾಲದು, ಇನ್ನೊಂದು ಹಿಡಿಯನ್ನು ನೀವು ಹಿಡಿಯಬೇಕು. ಬರಲಾಗದಿದ್ದರೆ ಈಗಲೇ ತಿಳಿಸಿ, ಬೇರೆಯವರನ್ನು ಕೇಳುತ್ತೇನೆ.

ನಿಮ್ಮ ತಮ್ಮನ ಹೆಂಡತಿ