ಅನ್ಸೆಲ್ಮ್ ಸುಡಲು ಕೊಟ್ಟ ಹಾಳೆಗಳು

ನೆವೆರ್
ಸೋಮವಾರ, ೧೪ ನವೆಂಬರ್ ೧೮೯೮

ನನ್ನ ಕಂದ ಸಿದೋನಿ,

ನಿನ್ನ ಕೆಮ್ಮು ಹೇಗಿದೆ? ಲಿಯೇಜಿನ ಹೊಗೆ ನಿನಗೆ ಆಗಿಬರುವುದಿಲ್ಲವೆಂದು ಅಳಿಯನಿಗೆ ಎಷ್ಟು ಸಲ ಬರೆದೆ. ಪಿಯಾನೋ ಪಾಠ ಹೇಳುವಾಗಲಾದರೂ ಕಿಟಕಿ ಮುಚ್ಚಿಕೋ. ನಾನು ಗಟ್ಟಿಯಾಗಿದ್ದೇನೆ. ನಿಮ್ಮಪ್ಪ ಮಾತ್ರ ಸರಿಯಾಗಿ ಉಣ್ಣುತ್ತಿಲ್ಲ. ನಿನ್ನೆ ಅವರಿಗಿಷ್ಟವೆಂದು ಮೊಲದ ಮಾಂಸ ಬೇಯಿಸಿದ್ದೆ. ಸಾರಿನಲ್ಲಿ ಬ್ರೆಡ್ಡು ಅದ್ದಿ ಎರಡು ತುತ್ತು ತಿಂದು ಎದ್ದುಬಿಟ್ಟರು.

ಹನ್ನೊಂದು ವರ್ಷ ತಿದ್ದಿದ ಆ ನಾಲ್ಕು ತಂತಿವಾದ್ಯಗಳ ಕೃತಿಯನ್ನು ಹೋದ ತಿಂಗಳು ಪ್ಯಾರಿಸ್ಸಿಗೆ ತೆಗೆದುಕೊಂಡು ಹೋಗಿದ್ದರಲ್ಲ, ಸಂಗೀತಗಾರರ ಒಂದು ಕೂಟದಲ್ಲಿ ಅದನ್ನು ನುಡಿಸಿ ನೋಡಿದರಂತೆ. ಎರಡನೆಯ ಭಾಗ ಮುಗಿಯುತ್ತಲೇ ಒಬ್ಬ ಯುವಕ, "ಅನ್ಸೆಲ್ಮ್ ಮೇಷ್ಟ್ರೇ, ಚೆನ್ನಾಗಿ ಅಳ್ತೀರಿ. ಆದ್ರೆ ಈಗ ಪ್ಯಾರಿಸ್ಸಲ್ಲಿ ಯಾರೂ ಅಳಲ್ಲ" ಎಂದನಂತೆ. ಎಲ್ಲರೂ ನಕ್ಕರು. ನಿಮ್ಮಪ್ಪನೂ ನಕ್ಕರಂತೆ. ಹಾಗೆ ನಕ್ಕದ್ದೇ ಅವರನ್ನು ಈಗ ತಿನ್ನುತ್ತಿದೆ. ಮನೆಗೆ ಬಂದವರೇ ಹಾಳೆಗಳ ಕಟ್ಟನ್ನು ನನ್ನ ಕೈಗಿಟ್ಟು, "ಓದಿಲ್, ಇದನ್ನ ಒಲೆಗೆ ಹಾಕು. ನನ್ನ ಕೈಲಾಗಲ್ಲ" ಎಂದು ಹೇಳಿ ಇಗರ್ಜಿಗೆ ಆರ್ಗನ್ ನುಡಿಸಲು ಹೋದರು. ಮರಳಿ ಬಂದಾಗ ಒಲೆಯಲ್ಲಿ ಕಾಗದದ ಬೂದಿಯಿತ್ತು. ಅದನ್ನು ನೋಡಿ ಒಲೆಯ ಬಾಗಿಲು ಮುಚ್ಚಿದರು.

ಎರಡನೆಯ ಭಾಗ ಎಲ್ಲಿಂದ ಬಂತೆಂದು ನಿನಗೆ ಯಾರೂ ಹೇಳಿಲ್ಲ. ನಿನಗೆ ಗಂಟಲುಮಾರಿ ಬಂದಿದ್ದ ಚಳಿಗಾಲ ಅದು. ವೈದ್ಯರು ಒಳಗೆ ಬಿಡದ್ದರಿಂದ ಹನ್ನೆರಡು ದಿನ ನಿಮ್ಮಪ್ಪ ನಿನ್ನ ಬಾಗಿಲಾಚೆ ಮೆಟ್ಟಿಲ ಮೇಲೆ ಕೂತು ನಿನ್ನ ಉಸಿರು ಕೇಳಿಸಿಕೊಳ್ಳುತ್ತಿದ್ದರು. ಒಂದು ಉಸಿರಿನಿಂದ ಇನ್ನೊಂದಕ್ಕೆ ತಡವಾದರೆ ಅವರ ಮುಖ ಬಿಳಿಚಿಕೊಳ್ಳುತ್ತಿತ್ತು. ಆ ತಡವನ್ನೇ ಚೆಲ್ಲೋ ವಾದ್ಯಕ್ಕೆ ಬರೆದರು.

ನಿನ್ನೆ ಸಂಜೆ ಪಿಯಾನೋ ಮುಂದೆ ಕೂತು ಅದನ್ನೇ ನೆನಪಿಸಿಕೊಳ್ಳಲು ಒದ್ದಾಡುತ್ತಿದ್ದರು. ಒಂದೇ ಕಡೆ ಬಂದು ಬಂದು ನಿಲ್ಲುತ್ತಿತ್ತು. "ಇಲ್ಲಿಂದ ಎಲ್ಲಿಗೆ ಹೋಗ್ತಿತ್ತೇ ಇದು?" ಎಂದರು. ನಾನು ಕ್ಯಾರೆಟ್ ಹೆರೆಯುತ್ತಿದ್ದವಳು ಯೋಚಿಸದೆ ಕೊನೆಯವರೆಗೂ ಹಾಡಿಬಿಟ್ಟೆ. ಅವರು ನನ್ನ ಕಡೆ ತಿರುಗಿದರು. "ನಿನಗೆ ಹೇಗೆ ಗೊತ್ತು?" "ಹನ್ನೊಂದು ವರ್ಷ ಕೇಳಿದೀನಿ, ಗೋಡೆಗೂ ಬಾಯಿಪಾಠ ಆಗಿರುತ್ತೆ" ಎಂದೆ. "ಆ ಕೊನೇ ಆರು ಸ್ವರ ಪ್ಯಾರಿಸ್ಸಿಗೆ ಹೋಗೋ ರೈಲಲ್ಲಿ ಬದಲಾಯಿಸಿದ್ದು. ಅದು ಈ ಮನೇಲಿ ಒಂದು ಸಲವೂ ಕೇಳಿಸಿಲ್ಲ" ಎಂದರು.

ಆಮೇಲೆ ಪಿಯಾನೋ ಮುಚ್ಚಿ ಎದ್ದರು. ಇವತ್ತು ನಾನು ಬಲಿಪೂಜೆಯಿಂದ ಬರುವುದನ್ನೇ ಕಾದಿದ್ದವರಂತೆ ಕಪಾಟಿನ ಬೀಗದ ಕೈ ಕೇಳಿದರು. ಕೊಟ್ಟೆ. ಈಗ ಮೇಲೆ ಪೆಟ್ಟಿಗೆಗಳನ್ನು ಎಳೆಯುತ್ತಿರುವ ಸದ್ದು ಕೇಳುತ್ತಿದೆ. ಹಾಳೆಗಳು ಸಿಕ್ಕರೆ ಎದೆಗವಚಿಕೊಳ್ಳುವರೋ, ತಾವೇ ಸುಡುವರೋ, ಇಪ್ಪತ್ತೇಳು ವರ್ಷ ಜೊತೆಗಿದ್ದೂ ಹೇಳಲಾರೆ.

ಅಳಿಯನಿಗೆ ನನ್ನ ನೆನಪು ತಿಳಿಸು. ದೇವಮಾತೆ ನಿಮ್ಮಿಬ್ಬರ ಮೇಲೆ ಕಣ್ಣಿಟ್ಟಿರಲಿ.

ನಿನ್ನ ತಾಯಿ,
ಓದಿಲ್

ಮರೆತೆ: ಬೆಳಿಗ್ಗೆ ಇಗರ್ಜಿಗೆ ಹೋಗುವಾಗ ನಿನಗೊಂದು ಪೊಟ್ಟಣ ಅಂಚೆಗೆ ಕೊಟ್ಟಿದ್ದೇನೆ. ಶಾಲಿನ ಮಡಿಕೆಯಲ್ಲಿ ಕೃತಿಯ ನಾಲ್ಕೂ ಭಾಗ ಇವೆ. ಒಲೆಗೆ ಹೋದದ್ದು ಹಳೆಯ ಸುದ್ದಿಪತ್ರಿಕೆ. ಅವರಿಲ್ಲದಾಗ ಹಾಳೆಗಳನ್ನು ತೆಗೆದು ಓದಿಕೊಳ್ಳುತ್ತಿದ್ದೆ, ಆ ಆರು ಸ್ವರ ಬಾಯಿಗೆ ಬಂದದ್ದು ಅದರಿಂದ, ಅದೇ ನನ್ನ ತಪ್ಪು. ನಾಲ್ವರನ್ನು ಸೇರಿಸಿ ಅಲ್ಲಿ ನುಡಿಸಿಸು. ಅಪ್ಪ ಕಳಿಸೆಂದು ಬರೆದರೆ ಕಳಿಸಬೇಡ. ಅವರು ಎದುರು ಕೂತು ಕೇಳಿದರೆ ನಾನು ಗಟ್ಟಿಯಾಗಿ ನಿಲ್ಲಲಾರೆ. ನಾನೇ ಬರೆದು ಕೇಳಿದರೂ ಕಳಿಸಬೇಡ.